ಮತ್ತೊಂದು

ತೇಜಿಯ ಕಿವಿಗೆ ಏನು ಬೀಳಬೇಕೋ
ಅದನ್ನು ಬಡಿಸುವವನು ನಾನು.
ವೇದಿಕೆಯ ಎಡಕ್ಕೆ, ಕಪ್ಪು ಪರದೆಯ ಹಿಂದೆ,
ಮೂವತ್ತೆರಡು ಗುಂಡಿಗಳ ಮುಂದೆ ಕೂತು
ಡ್ರಮ್ಮು ಚೂರು, ಬೇಸು ಇನ್ನೊಂದು ಸೌಟು,
ಅವಳ ದನಿ ಅವಳಿಗೇ ಒಂದು ಹಿಡಿ.
ಪೋಸ್ಟರಿನಲ್ಲಿ ನನ್ನ ಹೆಸರಿಲ್ಲ. ಬೇಡ.
ಅವಳು ಮತ್ತಿಕೆರೆಯ ತೇಜಾವತಿ
ಅನ್ನುವುದೂ ಅದರಲ್ಲಿಲ್ಲ.

ಸ್ಟುಡಿಯೋ ಅವಳಿಗೆ ಆಗಿಬರದು.
‘ಗೋಡೆಗೆಲ್ಲ ಹಾಸಿಗೆ ಹೊದಿಸಿದ್ದಾರೆ ಕಣೋ,
ಹಾಡಿದ್ದು ಅಲ್ಲೇ ಮಲಗಿಬಿಡುತ್ತೆ.’
ಅದಕ್ಕೇ ಜನರನ್ನು ಹುಡುಕಿಕೊಂಡು ಹೊರಡುತ್ತಾಳೆ.
ನೀಲಸಂದ್ರದ ಇಮ್ದಾದ್ ಸಿಕ್ಕಿದ್ದು ಹಾಗೆ,
ಒಡೆದ ಫೋನಿನಲ್ಲೇ ತಾಳ ಕಟ್ಟುವವನು,
ಸರಿಬರದಿದ್ದರೆ ದಖ್ಖನಿಯಲ್ಲಿ ಫೋನನ್ನೇ ಬೈಯುವವನು.
ಹಲಸೂರಿನ ವಾಲಗದ ತಿರುಮಲೇಶಪ್ಪನೊಡನೆ
ಮೂರು ದಿನ ಜಗಳ, ಒಂದೇ ಒಂದು ಸ್ವರಕ್ಕೆ.
ನಾಲ್ಕನೆಯ ದಿನ ಇಬ್ಬರೂ ಸೋತರು.
ಆ ಸೋಲನ್ನು ಈಗ ಊರೆಲ್ಲ ಗುನುಗುತ್ತದೆ.

ಒಂದು ಬೆಳಗಿನ ಜಾವ ನಾಲ್ಕಕ್ಕೆ, ಮಾರ್ಕೆಟ್ಟಿನಲ್ಲಿ,
ಒದ್ದೆ ಗೋಣಿಯ ಮೇಲೆ ಮೈಕು ಹಿಡಿದು ಕುಕ್ಕರಗಾಲಲ್ಲಿ ನಾನು.
ಅಕ್ಕಯ್ಯಮ್ಮ ಅನ್ನುವ ಅಜ್ಜಿ
ಬೆರಳ ತುದಿಯಿಂದ ಮೊಣಕೈವರೆಗೆ ಕನಕಾಂಬರ ಅಳೆಯುತ್ತಿತ್ತು:
ಲಾಭ, ಎರಡು, ಮೂರು,
ನಾಲ್ಕು, ಐದು, ಆರು, ಮತ್ತೊಂದು,
ಎಂಟು...
‘ಏಳು ಎಲ್ಲಿ ಹೋಯ್ತಜ್ಜಿ?’ ತೇಜಿ ಕೇಳಿದಳು.
‘ಲಕ್ಷ್ಮಿ ಬಂದು ಕೂತಿರೋವಾಗ
ಏಳು ಅಂತಾರೇನೇ? ಎದ್ದು ಹೋಗಿಬಿಟ್ಟಾಳು!’

ಆ ಎಣಿಕೆಯೇ ಹಾಡಾಯಿತು. ಏಳು ಮಾತ್ರೆ.
ಡ್ರಮ್ಮಿನ ಬೆನೆಡಿಕ್ಟ್ ಪ್ರತಿ ಸಲ
ಇಲ್ಲದ ಎಂಟನೆಯ ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸುವನು.
ಅಜ್ಜಿ ತೊಡೆ ತಟ್ಟಿ ಹೇಳಿಕೊಟ್ಟಿತು:
‘ಮತ್ತೊಂದಾದ್ಮೇಲೆ ಲಾಭಕ್ಕೇ ಬಂದುಬಿಡಪ್ಪ,
ಎಂಟಕ್ಕೆ ಇವತ್ತು ಗಿರಾಕಿ ಇಲ್ಲ.’
ಕಾಗದದಲ್ಲಿ ಅಜ್ಜಿಯ ಹೆಸರೂ ಇರಲಿ ಎಂದಳು ತೇಜಿ.
ಕಂಪನಿಯವರು ನಕ್ಕರು: ಬರೀ ಎಣಿಸಿದ್ದು ರಚನೆ ಹೇಗಾಗುತ್ತೆ?
‘ನೀವೂ ಎಣಿಸೋದಕ್ಕೇ ತಾನೆ ಸಂಬಳ ತಗೊಳ್ಳೋದು’ ಅಂದಳು.

ಡಿಸೆಂಬರಿನ ಚಳಿ, ಅರಮನೆ ಮೈದಾನ.
ಮೆಟ್ಟಿಲು ಹತ್ತುವ ಮುಂಚೆ ಅವಳಿಗೆ ವಾಂತಿ. ಯಾವಾಗಲೂ.
ನೀಲಿ ಬಕೆಟ್ಟೂ ನನ್ನದೇ ಜವಾಬ್ದಾರಿ.
ಬಾಯಿ ಮುಕ್ಕಳಿಸಿ, ನನ್ನ ಅಂಗಿಗೆ ಕೈ ಒರೆಸಿ,
ಬೆಳಕಿಗೆ ಕಾಲಿಟ್ಟಳೋ, ಆ ಹುಡುಗಿ ನನಗೂ ಹೊಸಬಳು.
ಎರಡನೆಯ ಹಾಡಿಗೆ ಎಡಗಿವಿಯದನ್ನು ಕಿತ್ತು
ಹೆಗಲ ಮೇಲೆ ಇಳಿಬಿಡುತ್ತಾಳೆ, ಜನ ಕೇಳಿಸಲಿ ಅಂತ.
ನಾನು ಬಡಿಸಿದ್ದರಲ್ಲಿ ಅರ್ಧ
ಎಲೆಯಲ್ಲೇ ಉಳಿಯುತ್ತದೆ.
ಮೊದಮೊದಲು ಬೇಜಾರಾಗುತ್ತಿತ್ತು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಗಡಿಯಾರ ತಟ್ಟಿ ತೋರಿಸಿದರು.
ದೊಡ್ಡ ಸ್ಪೀಕರುಗಳು ಸತ್ತವು.
ಮೈದಾನ ಕೂಗಿತು: ಮತ್ತೊಂದು! ಮತ್ತೊಂದು!
ಪರದೆಯ ಹಿಂದೆ ಶಾಲು ಹೊದ್ದು ತೂಕಡಿಸುತ್ತಿದ್ದ ಅಜ್ಜಿ
ಗಡಬಡಿಸಿ ಕಣ್ಣು ಬಿಟ್ಟು ಕೇಳಿತು:
‘ಆರು ಆಗೋಯ್ತಾ?’

ತೇಜಿ ಮೈಕಿನಲ್ಲಿ ‘ಲಾಭ’ ಅಂದಳು.
ಅದು ಕೇಳಿಸಿದ್ದು ನನ್ನ ಹೆಡ್‌ಫೋನಿಗೆ ಮಾತ್ರ.
ಮುಂದಿನ ಸಾಲಿನವರು ತುಟಿ ಓದಿದರು: ಎರಡು.
ಹಿಂದಿನವರು ಮೂರು. ಬೇಲಿಯಾಚೆ
ಬೋಂಡದ ಗಾಡಿಯವನು ಜಾಲರಿ ಬಡಿದು, ನಾಲ್ಕು.
ತಂತಿಯಿಲ್ಲ, ಕರೆಂಟಿಲ್ಲ, ಹಾಡು
ಮೈದಾನದ ಆ ತುದಿಗೆ ಹೋಗಿ
ತಡವಾಗಿ, ಸ್ವಲ್ಪ ಅಪಸ್ವರವಾಗಿ, ಈ ತುದಿಗೆ ಮರಳಿತು.
ಅವಳು ಬಲಗಿವಿಯದನ್ನೂ ಕಿತ್ತಳು.
ಇನ್ಸ್‌ಪೆಕ್ಟರು ಗಡಿಯಾರ ನೋಡುವುದನ್ನು ಬಿಟ್ಟು
ಬೂಟಿನ ತುದಿಯಲ್ಲಿ, ಯಾರಿಗೂ ಕಾಣದ ಹಾಗೆ, ಏಳು ಎಣಿಸುತ್ತಿದ್ದರು.

ವ್ಯಾನಿನಲ್ಲಿ ತೇಜಿ ಕೇಳಿದಳು, ರೆಕಾರ್ಡ್ ಆಯ್ತೇನೋ?
ಮರೆತೆ ಅಂದೆ.
‘ಒಳ್ಳೇದಾಯ್ತು ಬಿಡು’ ಅಂದು
ಅಜ್ಜಿಯ ಹೆಗಲಿಗೆ ಒರಗಿ ನಿದ್ದೆ ಹೋದಳು.
ಅಜ್ಜಿ ಮಾರ್ಕೆಟ್ಟಿನಲ್ಲಿ ಇಳಿಯಬೇಕು, ಹೂವಿನ ಲಾರಿ ಬರುವ ಹೊತ್ತು.
ನಾನು ಬಕೆಟ್ಟು ತೊಳೆದಿಡಬೇಕು.
ನಾಳಿದ್ದು ದಾವಣಗೆರೆ.