ತಡೆ

ಗೆದ್ದಿದ್ದಾಳೆ ಮೆಲೆನೈತೆ.
ನಲವತ್ತೊಂದು ಪುಟ, ಕೊನೆಯಲ್ಲಿ ನ್ಯಾಯಾಧೀಶರ ಸಹಿ,
ಇಪ್ಪತ್ತಮೂರು ಸಾವಿರದ ಆರುನೂರು ಡಾಲರು.
ಹದಿನೇಳು ವರ್ಷ ಉಣ್ಣೆ ತೊಳೆದವಳನ್ನು
ಒಂದು ಮಂಗಳವಾರ ಗೇಟಿನಾಚೆ ನಿಲ್ಲಿಸಿದ್ದು ತಪ್ಪೆಂದು.

ಗಡುವಿನ ಕೊನೆಯ ದಿನ ಕಂಪನಿಯ ಮೇಲ್ಮನವಿ.
ಅದರ ಬೆನ್ನಿಗೇ ಇನ್ನೊಂದು ಅರ್ಜಿ, ಎರಡೇ ಹಾಳೆ:
ಅಲ್ಲಿಯವರೆಗೆ ತೀರ್ಪು ಜಾರಿಯಾಗದಿರಲಿ,
ಕೊಟ್ಟ ಹಣ ಖರ್ಚಾಗಿಬಿಟ್ಟರೆ
ನಾಳೆ ನಾವು ಗೆದ್ದಾಗ ಯಾರನ್ನು ಕೇಳೋಣ?
ಬಡವಿ ಎಂಬುದೇ ಅವಳ ವಿರುದ್ಧದ ಸಾಕ್ಷಿ.
ಹಾಗಂತ ಬರೆದಿರಲಿಲ್ಲ. ಬರೆಯದೆಯೂ ಓದಬಹುದಿತ್ತು.

ನ್ಯಾಯಾಧೀಶರು ಎರಡೂ ಕಡೆ ತೂಗಿದರು:
ಹಣವನ್ನು ಕೋರ್ಟಿನಲ್ಲಿ ಇಡತಕ್ಕದ್ದು, ಬಡ್ಡಿ ಬರುವ ಖಾತೆಯಲ್ಲಿ,
ಅವರದೂ ಅಲ್ಲ, ಅವಳದೂ ಅಲ್ಲ ಎಂಬಂತೆ.

ಆ ಖಾತೆಯ ಲೆಕ್ಕ ನನ್ನದು.
ಕ್ರೈಸ್ಟ್‌ಚರ್ಚಿನಲ್ಲಿ ಎರಡನೆಯ ಮಹಡಿ, ಕಿಟಕಿ ತೆರೆಯುವುದಿಲ್ಲ.
ಚೆಕ್ಕು ಪಡೆದು ಮುದ್ರೆ ಒತ್ತಿದವನು ನಾನೇ.

ತಿಂಗಳಿಗೊಮ್ಮೆ ಟಿಮರುವಿನಿಂದ ಫೋನು.
'ಇದೆಯಾ?'
'ಇದೆ.'
'ಬೆಳೆದಿದೆಯಾ?'
'ಎಪ್ಪತ್ತೊಂದು ಡಾಲರು, ಚಿಲ್ಲರೆ.'
ಟೊಂಗಾದಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಕೂಸನ್ನು
ವಿಚಾರಿಸುವ ದನಿ.

ಒಮ್ಮೆ ಕೈಗಳ ಬಗ್ಗೆ ಹೇಳಿದಳು, ನಾನು ಕೇಳದೆಯೇ.
ಕುರಿಯ ಉಣ್ಣೆಯಲ್ಲಿ ಒಂದು ಜಿಡ್ಡಿರುತ್ತದೆ,
ತೊಳೆಯುವವರ ಬೆರಳಿಗೆ ಅಂಟಿ ಉಳಿಯುತ್ತದೆ,
ಹದಿನೇಳು ಚಳಿಗಾಲ ಒಂದು ಬಿರುಕೂ ಬಿಟ್ಟಿರಲಿಲ್ಲ.
ಈ ಜೂನಿನಲ್ಲಿ, ಹೀಟರು ಹಾಕದ ಮನೆಯಲ್ಲಿ,
ಗೆಣ್ಣುಗೆಣ್ಣೂ ಸೀಳಿದೆ.
ಅದೇ ಜಿಡ್ಡು ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ಸಿಗುತ್ತದಂತೆ,
ಗುಲಾಬಿ ವಾಸನೆ ಬೆರೆಸಿ,
ಹತ್ತೊಂಬತ್ತು ಡಾಲರು.
ನಗುತ್ತಿದ್ದಳೋ, ಕೆಮ್ಮುತ್ತಿದ್ದಳೋ.

ನಾನು ಹೇಳಬಹುದಾದದ್ದು: ವಿಚಾರಣೆ ನವೆಂಬರಿನಲ್ಲಿ.
ಹೇಳಬಾರದ್ದು: ಯಾವ ನವೆಂಬರು ಎಂಬುದು.

ತಡೆ ಎಂದರೆ ನಿಲ್ಲಿಸುವುದು.
ತಡೆ ಎಂದರೆ, ಇರು, ಸ್ವಲ್ಪ ತಾಳು ಅಂತಲೂ ಹೌದು.
ಒಂದೇ ಆದೇಶ.
ಮೊದಲನೆಯ ಅರ್ಥ ಕಂಪನಿಯ ವಕೀಲರು ಚೀಲಕ್ಕೆ ಹಾಕಿಕೊಂಡರು,
ಉಳಿದದ್ದು ಅಂಚೆಯಲ್ಲಿ ಅವಳಿಗೆ ಹೋಯಿತು.

ಆಗಸ್ಟಿನಲ್ಲಿ ಫೋನು ಬರಲಿಲ್ಲ.
ನಾನಾಗಿ ಮಾಡುವಂತಿಲ್ಲ, ಒಂದು ಪಕ್ಷದವರಿಗೆ.
ಸಂಜೆ ಐದಕ್ಕೆ, ಕೋಟು ಹಾಕಿಕೊಂಡ ಮೇಲೆ,
ಮತ್ತೆ ಕೂತು ಖಾತೆ ತೆರೆದೆ,
ತೆರೆಯದ ಕಿಟಕಿಗೆ ಹೇಳಿದೆ:
ಇದೆ.
ಒಂದಿಷ್ಟು ಬೆಳೆದೂ ಇದೆ.