ಹದಿನೇಳರ ಮಗ್ಗಿ

ಸಾಸವಡದ ಹೊರಗೆ, ಚೆಂಡುಹೂವಿನ ಹೊಲದ ಪಕ್ಕ
ಇನ್ನೂ ಪೂರ್ತಿ ಬೆಳಕು ಹರಿದಿಲ್ಲ.
ಇಪ್ಪತ್ತೆರಡು ಕುದುರೆಗಳ ಉಸಿರು
ಟೆಂಪೋಗಳ ದೀಪದಲ್ಲಿ ಒಂದೇ ಮೋಡವಾಗಿ ನಿಂತಿದೆ.
ನಲವತ್ತು ಕಿಲೋಮೀಟರು ಇವತ್ತು.
ಮೈನಾಳ ತೊಡೆಯ ಮೇಲೆ ನೀಲಿ ಬಣ್ಣದಲ್ಲಿ ಹನ್ನೊಂದು.
ಡಾಕ್ಟರು ಎದೆಗೆ ಕೊಳವೆ ಇಟ್ಟು, ಗಡಿಯಾರ ನೋಡಿ
‘ನಲವತ್ನಾಕು, ಛಾನ್’ ಅಂದು ಮುಂದಕ್ಕೆ ಹೋದರು.
ಅದು ಮೈಕು ಬಾಯಿ ತೆರೆಯುವ ಮೊದಲಿನ ಲೆಕ್ಕ.

ಕರ್ ಅಂದಿತು ಮೈಕು.
ಇವಳು ಮುಂಗಾಲು ಎತ್ತಿದಳು.

ಹೆದರಿದೆ ಅಂದರು ಸುತ್ತಲಿನವರು.
ಹೆದರಿಕೆ ಅಲ್ಲ, ರೂಢಿ.
ನಾನಾ ಪೇಟೆಯ ಬ್ಯಾಂಡಿನವರ ಹತ್ತಿರ ಆರು ಲಗ್ನಸರಾಯಿ
ಎಷ್ಟು ಮದುಮಕ್ಕಳನ್ನು ಹೊತ್ತಳೋ.
ಸ್ಪೀಕರು ಕೆಮ್ಮಿದರೆ ಕುಣಿಯಬೇಕು,
ಕುಣಿಯದಿದ್ದರೆ ಮೊಣಕಾಲಿಗೆ ಬೆತ್ತ.
ಈಗ ಕುಣಿಯದೆ ಇರುವುದನ್ನು ಕಲಿಸುವುದಕ್ಕೆ
ನನಗೆ ಸಂಬಳ.

‘ಮಲಕಾರಿ ಮಾಮಾ, ಧರಾ ತಿಲಾ!’
ಸಾನಿಕಾ ಕೂಗುತ್ತಾಳೆ, ಹದಿನಾರರ ಹುಡುಗಿ,
ಹೆಲ್ಮೆಟ್ಟಿನ ಪಟ್ಟಿ ಸಿಗದೆ ಬೆರಳು ತಡವರಿಸುತ್ತ.
ಹಿಡಿಯುವುದಿಲ್ಲ ನಾನು.
ಹಿಡಿದರೆ, ಹಿಡಿಯುವಂಥದ್ದು ಏನೋ ಇದೆ ಅಂತ ಅವಳಿಗೆ ಗೊತ್ತಾಗುತ್ತದೆ.
ಹಗ್ಗ ಗೇಣುದ್ದ ಸಡಿಲ ಬಿಟ್ಟು, ಗುಂಪಿಗೆ ಬೆನ್ನು ಮಾಡಿ
ಬದುವಿನ ಕಡೆ ನಡೆಸುತ್ತೇನೆ
ಅಂಗಡಿಗೆ ಉಪ್ಪು ತರಲು ಹೊರಟವರ ಹಾಗೆ.
ಹೆಗಲ ದಿಬ್ಬದ ಮೇಲೆ, ಜೊತೆಕುದುರೆ ಹಲ್ಲಿನಿಂದ ಕೆರೆಯುವ ಜಾಗ,
ಅಲ್ಲಿ ನಾಲ್ಕು ಬೆರಳು ಊರಿ ಶುರು ಮಾಡುತ್ತೇನೆ:

ಹದಿನೇಳ ಒಂದ್ಲೆ ಹದಿನೇಳು.
ಹದಿನೇಳ ಎರಡ್ಲೆ ಮೂವತ್ನಾಕು.

ಮರಾಠಿ ಅಂದರೆ ಅವಳಿಗೆ ಹುಕುಂ, ಹಿಂದಿ ಅಂದರೆ ಬೈಗುಳ.
ಕನ್ನಡದಲ್ಲಿ ಯಾರೂ ಅವಳಿಂದ ಇನ್ನೂ ಏನನ್ನೂ ಬೇಡಿಲ್ಲ.
ಇಂಡಿ ತಾಲೂಕಿನ ಸಾಲಿಯಲ್ಲಿ ಇದೇ ಮಗ್ಗಿ
ಏಳರ ಹತ್ತಿರ ತಪ್ಪಿ ತಪ್ಪಿ
ನನ್ನ ಅಂಗೈಯೂ ಬೆತ್ತ ಕಂಡಿದೆ.

ಮೂರ್ಲೆ ಐವತ್ತೊಂದು.
ತುದಿ ತಾಗಿಸಿ ನೆಟ್ಟಗೆ ನಿಂತ ಕಿವಿಗಳು ಬಿಡಿಯಾದವು,
ಒಂದು ನನ್ನ ಕಡೆ ವಾಲಿತು.
ನಾಕ್ಲೆ ಅರವತ್ತೆಂಟು. ಬದುವಿನ ಹಸಿಹುಲ್ಲು ಒಂದು ಬಾಯಿ.
ಐದ್ಲೆ ಎಂಬತ್ತೈದು. ಲದ್ದಿ ಹಾಕಿದಳು. ಒಳ್ಳೆಯದಾಯಿತು.

ಅಷ್ಟರಲ್ಲಿ ಬಾವುಟ ಬಿತ್ತು.
ಹೋದವು ಎಲ್ಲ, ನೆಲವನ್ನು ಎತ್ತಿಕೊಂಡು.
ಟೆಂಪೋದಲ್ಲಿ ಇವಳ ಜೊತೆ ಬಂದ ಕೆಂಗಂದು ಗಂಡೂ ಹೋಯಿತು.
ಕೆನೆದಳು ನೋಡು,
ಇಡೀ ಮೈ ತಗಡಿನ ಟ್ರಂಕಿನಂತೆ ನನ್ನ ಅಂಗೈ ಕೆಳಗೆ ಗದಗುಟ್ಟಿತು.
‘ಮಾಮಾ, ಸಗಳೆ ಗೇಲೆ!’
ಹೋಗಲಿ. ಅವರ ಧೂಳೂ ಅವರ ಹಿಂದೆ ಹೋಗಲಿ.
ಆರ್ಲೆ
ನೂರಾ ಎರಡು.

ಚೆಂಡುಹೂವಿನ ಮೇಲೆ ಧೂಳು ಇಳಿಯಿತು.
ಒಬ್ಬ ಹುಡುಗ ಮೈಕಿನ ವೈರು ಮೊಣಕೈಗೆ ಸುತ್ತತೊಡಗಿದ.
ಆಗ ಮೂಗಿನಿಂದ ಫುರ್ರ್ ಅಂತ ಉಸಿರು ಬಿಟ್ಟಳು, ಉದ್ದಕ್ಕೆ,
ನನ್ನ ತೋಳೆಲ್ಲ ಒದ್ದೆ.
ಸಾನಿಕಾಳನ್ನು ಹತ್ತಿಸಿದೆ. ಪಟ್ಟಿ ಒಂದು ತೂತು ಬಿಗಿದೆ.
ಕೊಕ್ಕೆ ಬಿಚ್ಚಿದೆ.

ನಡೆದುಕೊಂಡೇ ಹೋದಳು.
ಸ್ಪೀಕರಿನ ಕಂಬದ ಹತ್ತಿರ ಬಲಗಾಲು ಕುಣಿತಕ್ಕೆಂದು ಎತ್ತಿ
ಏತಕ್ಕೆ ಎತ್ತಿದೆನೋ ಎಂಬಂತೆ ತಡೆದು
ಮೆಲ್ಲಗೆ ಕೆಳಗಿಟ್ಟಳು.

ಇನ್ನು ನಾಲ್ಕು ಕ್ಯಾನು ನೀರು, ಸ್ಪಂಜು, ಬಕೀಟು
ಟೆಂಪೋಗೆ ಏರಿಸಬೇಕು.
ಇಪ್ಪತ್ತನೇ ಕಿಲೋಮೀಟರಿನಲ್ಲಿ ಮತ್ತೆ ಕೊಳವೆ ಇಡುತ್ತಾರೆ,
ಅರವತ್ನಾಕರ ಒಳಗೆ ಇಳಿಯಬೇಕು ಎದೆ.
ಏಳ್ಲೆಯನ್ನು
ಅಲ್ಲಿಗೆ ಉಳಿಸಿಕೊಂಡಿದ್ದೇನೆ.