ತಲೆಯ ವಸಿ ವಾಲ್ಸು

ಏಪ್ರಿಲ್ ಕೊನೆಯ ವಾರ ನಜರ್‌ಬಾದಿನ ನಮ್ಮ ಶಾಲೆಯ ಮುಂದೆ
ಮನುಷ್ಯರಿಗಿಂತ ಮೊದಲು ಚಪ್ಪಲಿಗಳು ಸಾಲು ನಿಲ್ಲುತ್ತವೆ.
ನಸುಕಿಗೇ ಬಂದು, ಜಾಗಕ್ಕೊಂದು ಜೊತೆ ಬಿಟ್ಟು
ಬರಿಗಾಲಲ್ಲಿ ಟೀ ಕುಡಿಯಲು ಹೋದ ಅಪ್ಪಂದಿರು.

ಸೀಟು ಮೂವತ್ತು. ಅರ್ಜಿ ನೂರ ಎಂಬತ್ತೇಳು.
ಅಕ್ಕನೋ ಅಣ್ಣನೋ ಇಲ್ಲೇ ಓದುತ್ತಿದ್ದರೆ ಅವರು ಮೊದಲು.
ಆಮೇಲೆ ಒಂದು ಕಿಲೋಮೀಟರಿನ ಒಳಗಿನವರು.
‘ಯಾವ ಗೇಟಿನಿಂದ ಅಳೆದ್ರಿ ಸಾರ್?
ಹಿಂದಿನ ಗೇಟಿಂದ ಅಳೆದ್ರೆ ನಾವೂ ಒಳಗೇ.’
ಮಿಕ್ಕವರಿಗೆ ಚೀಟಿ.
ಬಿಸಿಯೂಟದ ಸಾಂಬಾರಿನ ಪಾತ್ರೆ ತೊಳೆದು, ಒರೆಸಿ,
ಅದರೊಳಗೆ ನಾಲ್ಕು ಮಡಿಕೆಯ ಹೆಸರುಗಳು.
ಎಷ್ಟು ತಿಕ್ಕಿದರೂ ಗೆದ್ದ ಹೆಸರಿಗೆ ಇಂಗಿನ ವಾಸನೆ.
ಸೋತದ್ದಕ್ಕೂ.

ನಾನು ಗುಮಾಸ್ತ. ಇಪ್ಪತ್ತೊಂಬತ್ತು ವರ್ಷದಿಂದ
ದಾಖಲಾತಿ ಪುಸ್ತಕ ನನ್ನ ಮೇಜಿನ ಮೇಲಿದೆ.
ತೀರ್ಮಾನ ನನ್ನದಲ್ಲ, ಅಕ್ಷರವಷ್ಟೇ ನನ್ನದು
ಎಂದು ಹೇಳಿಕೊಂಡು ಬಂದಿದ್ದೇನೆ,
ಯಾರೂ ಕೇಳದಿದ್ದರೂ.

ದಸ್ತಗೀರ್ ಬಂದದ್ದು ಬುಧವಾರ, ಮಗಳು ಮುಬೀನಾಳ ಜೊತೆ.
ರೇಸ್ ಕೋರ್ಸಿನ ಲಾಯದಲ್ಲಿ ಕೆಲಸ. ಅಂಗಿ ತುಂಬ ಹುಲ್ಲಿನ ಧೂಳು.
ವಿಳಾಸಕ್ಕೆ ಕರೆಂಟು ಬಿಲ್ ತನ್ನಿ ಎಂದೆ.
‘ಬಿಲ್ಲು ಕುದುರೆಗಳ ಕಡೆಯೋರ ಹೆಸರಲ್ಲಿದೆ ಸಾ’ ಎಂದು ನಕ್ಕ.
ಅವನು ಮೈ ಉಜ್ಜುವ ಬೂದು ಕುದುರೆಗೆ ಪುಸ್ತಕವೇ ಇದೆಯಂತೆ:
ಹುಟ್ಟಿದ ತಾರೀಕು, ಅಪ್ಪ, ಅಪ್ಪನ ಅಪ್ಪ,
ಹಣೆಯ ಸುಳಿ ಬಲಕ್ಕೋ ಎಡಕ್ಕೋ ಎನ್ನುವವರೆಗೆ.
ಮಗಳಿಗೆ ಇದ್ದದ್ದು ಮಡಚಿ ಮಡಚಿ ಹರಿದ ತಾಯಿ ಕಾರ್ಡು.
ಜೂನ್ ನಾಲ್ಕು.

ಜೂನ್ ಒಂದಕ್ಕೆ ಆರು ತುಂಬಿರಬೇಕು.
ಕಂಪ್ಯೂಟರಿಗೆ ತಾರೀಕು ಕೊಟ್ಟೆ, ಕೆಂಪಕ್ಷರ ಉಗುಳಿತು.
‘ಮೂರೇ ದಿನ ಅಲ್ವೇನ್ರಿ’ ಅಂದರು ಚೂಡಾಮಣಿ ಮೇಡಂ.
‘ಮೂರೇ ದಿನ ಮೇಡಂ’ ಅಂದೆ.
ಇಬ್ಬರೂ ಪರದೆಯನ್ನೇ ನೋಡುತ್ತ ನಿಂತೆವು,
ಕಾಯಿಲೆಯವರ ಮಂಚದ ಪಕ್ಕ ನಿಲ್ಲುವ ಹಾಗೆ.

‘ಕುದುರೆಗಳಿಗೆ ಯಾವಾಗ ಹುಟ್ಟಿದ್ರೂ
ಜನವರಿ ಒಂದಕ್ಕೇ ವಯಸ್ಸು ಏರೋದು ಸಾ, ಎಲ್ಲಕ್ಕೂ ಒಟ್ಟಿಗೆ’
ಎಂದ ದಸ್ತಗೀರ್, ಬೇಡಿಕೆಯ ದನಿಯಲ್ಲಲ್ಲ,
ಸುಮ್ಮನೆ ಒಂದು ವಿಷಯ ತಿಳಿಸುವವನಂತೆ.

ನನಗೆ ಬನ್ನೂರಿನ ಪಕ್ಕದ ನನ್ನೂರು ನೆನಪಾಯಿತು.
ಹೆಂಚಿನ ಶಾಲೆ, ಅಜ್ಜಿಯ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿ.
‘ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ’ ಎಂದರು ಮೇಷ್ಟ್ರು.
ಮುಟ್ಟಲಿಲ್ಲ. ಒಂದು ಬೆರಳಗಲ ಉಳಿಯಿತು.
ಬೆನ್ನ ಹಿಂದೆ ಪಿಸುಮಾತು: ‘ತಲೆಯ ವಸಿ ವಾಲ್ಸು, ಮಗಾ.’
ವಾಲಿಸಿದೆ. ಮುಟ್ಟಿತು.
ಮೇಷ್ಟ್ರು ನೋಡಿದರು. ನೋಡಿ,
ಮಸಿಕುಡಿಕೆಯ ಕಡೆ ಮುಖ ತಿರುಗಿಸಿ ಲೇಖನಿ ಅದ್ದಿದರು.
ತಾರೀಕು ಗೊತ್ತಿಲ್ಲದ್ದಕ್ಕೆ ಅವರೇ ಬರೆದರು, ಜೂನ್ ಒಂದು.
ಆ ಬೆಳಿಗ್ಗೆ ನಾವು ಹದಿನೇಳು ಮಕ್ಕಳು ಒಂದೇ ದಿನ ಹುಟ್ಟಿದೆವು.

ತಡೆಯಲಾಗದೆ ಮುಬೀನಾಳಿಗೆ ಹೇಳಿಯೇಬಿಟ್ಟೆ:
ಕಿವಿ ಮುಟ್ಟಮ್ಮ ನೋಡೋಣ.
ಉದ್ದ ಕೈಯ ಹುಡುಗಿ. ಕಿವಿ ಹಿಡಿದು, ಓಲೆ ಹಿಡಿದು,
ಆಚೆ ಗಲ್ಲವನ್ನೂ ಚಿವುಟಿಕೊಂಡು ತೋರಿಸಿದಳು.
ಇನ್ನೇನಾದರೂ ಮುಟ್ಟಬೇಕಾ ಎಂಬಂತೆ ನೋಡಿದಳು.

ಪರದೆಗೆ ಕಣ್ಣಿಲ್ಲ. ಅದಕ್ಕೆ ಮುಖ ತಿರುಗಿಸಲೂ ಬಾರದು.

ಮುಂದಿನ ವರ್ಷ ಬನ್ನಿ ಅಂದೆ.
ಮೇಡಂ ಏನೂ ಅನ್ನಲಿಲ್ಲ, ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
ಅಪ್ಪ ಮಗಳು ಕಾಂಪೌಂಡು ದಾಟುವಾಗಲೂ
ಅವಳ ಕೈ ತಲೆಯ ಮೇಲೆಯೇ ಇತ್ತು.
ಆಟ ಅಂದುಕೊಂಡಿದ್ದಳು ಅಂತ ಕಾಣುತ್ತದೆ.

ರಾತ್ರಿ, ಬಚ್ಚಲ ಕನ್ನಡಿಯ ಮುಂದೆ, ಹೆಂಡತಿ ಮಲಗಿದ ಮೇಲೆ
ನಾನೂ ಕೈ ಎತ್ತಿದೆ.
ಐವತ್ತೆಂಟರ ಭುಜ ಹಿಡಿದುಕೊಂಡಿದೆ.
ನೆತ್ತಿ ದಾಟುವಷ್ಟರಲ್ಲಿ ನಿಂತಿತು.
ಮುಂದಿನ ಜೂನ್ ಒಂದಕ್ಕೆ ನಾನು ನಿವೃತ್ತ,
ಅಜ್ಜಿ ಕದ್ದು ಕೊಡಿಸಿದ ಆ ತಾರೀಕಿನ ಲೆಕ್ಕದಲ್ಲಿ.

ಬೆರಳಿಗೂ ಕಿವಿಗೂ ನಡುವೆ
ಇನ್ನೂ ಅಷ್ಟೇ ಜಾಗ ಉಳಿದಿದೆ.
ವಾಲಿಸಲೆಂದು ತಲೆ ತಾನಾಗಿಯೇ ಹೊರಟಿತು.
ಹಿಡಿದು ನಿಲ್ಲಿಸಿದೆ.